ಸಂಶೋಧಕರ ಗ್ರೀನ್ ಕಾರ್ಡ್: ಎಲ್ಲಿಂದ ಶುರು ಮಾಡೋದು?

ಶಿರಸಿ, ಕಾರವಾರ ಕಡೆಯಿಂದ ಹೋಗಿ ಅಮೆರಿಕದಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮಾಡುತ್ತಿದ್ದೀರಾ? ಹಾಗಾದರೆ ಮೊದಲು ಇದು ತಿಳಿದಿರಲಿ: ಗ್ರೀನ್ ಕಾರ್ಡ್‌ಗೆ ಮೊದಲು ಹಾಕುವ ಐ-140 ಅರ್ಜಿಯನ್ನು ಕಂಪನಿಯೇ ಹಾಕಬೇಕು ಅಂತೇನಿಲ್ಲ. ಇಬಿ-1ಎ (ಅಸಾಧಾರಣ ಸಾಮರ್ಥ್ಯದವರ ವರ್ಗ), ಎನ್‌ಐಡಬ್ಲ್ಯೂ (ನಿಮ್ಮ ಕೆಲಸ ಅಮೆರಿಕದ ಹಿತಕ್ಕೆ ಬೇಕು ಅಂತ ಕೊಡುವ ವಿನಾಯಿತಿ) ಎರಡನ್ನೂ ನೀವೇ ಹಾಕಬಹುದು. ಇಬಿ-1ಬಿಗೆ (ಹೆಸರಾಂತ ಪ್ರಾಧ್ಯಾಪಕರು, ಸಂಶೋಧಕರ ವರ್ಗ) ಮಾತ್ರ ಕೆಲಸ ಕೊಡುವವರು ಬೇಕು, ಜೊತೆಗೆ 3 ವರ್ಷದ ಅನುಭವ.

ಇಬಿ-1ಎಗೆ 10 ಮಾನದಂಡಗಳಲ್ಲಿ ಕನಿಷ್ಠ 3 ತೋರಿಸಬೇಕು. ಸುಮ್ನೆ ಸೈಟೇಶನ್ (ನಿಮ್ಮ ಪೇಪರನ್ನು ಬೇರೆಯವರು ಉಲ್ಲೇಖಿಸಿದ್ದು) ಎಣಿಸಿ ಕೊಟ್ಟರೆ ಸಾಲದು, ನಿಮ್ಮ ವಿಧಾನವನ್ನು ಯಾರು ಬಳಸಿದರು, ಯಾಕೆ ಬಳಸಿದರು ಅಂತ ಅವರ ಪೇಪರಿನ ಆ ಸಾಲಿಗೇ ಗುರುತು ಹಾಕಿ ಲಗತ್ತಿಸಿ. ಶಿಫಾರಸು ಪತ್ರ ನಿಮ್ಮ ಗೈಡ್ ಒಬ್ಬರಿಂದಲೇ ಬೇಡ. ನಿಮ್ಮ ಜೊತೆ ಕೆಲಸ ಮಾಡದವರ ಮಾತಿಗೆ ತೂಕ ಜಾಸ್ತಿ.

ಎನ್‌ಐಡಬ್ಲ್ಯೂ ಬರುವುದು ಇಬಿ-2 ಅನ್ನುವ ಇನ್ನೊಂದು ವರ್ಗದ ಸರದಿಯಲ್ಲಿ. ಭಾರತದಲ್ಲಿ ಹುಟ್ಟಿದವರಿಗೆ ಅಲ್ಲಿ ವರ್ಷಗಟ್ಟಲೆ ಕಾಯುವುದಿದೆ, ಕಷ್ಟವೇ ಅಲ್ವಾ. ಆದರೂ ಬೇಗ ಹಾಕಿ. ಅರ್ಜಿ ತಲುಪಿದ ದಿನವೇ ನಿಮ್ಮ ಪ್ರಯಾರಿಟಿ ಡೇಟ್, ಅಂದರೆ ಸರದಿಯಲ್ಲಿ ನಿಮ್ಮ ಜಾಗ ಹೇಳುವ ದಿನಾಂಕ, ಅದು ಮಂಜೂರಾದರೆ ಮುಂದೆ ಇಬಿ-1ಕ್ಕೂ ಅದೇ ದಿನಾಂಕ ನಡೆಯುತ್ತದೆ.

ಊರಿಗೆ ಬಂದಾಗ, ಮುಂದೆ ಗ್ರೀನ್ ಕಾರ್ಡ್‌ಗೆ ಬೇಕಾಗುವ ಜನನ ಪ್ರಮಾಣಪತ್ರ ತೆಗೆದು ನೋಡಿ. ನನ್ನದರಲ್ಲಿ ಹೆಸರಿನ ಜಾಗ ಖಾಲಿ ಇತ್ತು, ಬರೀ ‘ಗಂಡು ಮಗು’. ಅದನ್ನು ಸರಿ ಮಾಡಿಸಲು ಅಪ್ಪ ಮಳೆಗಾಲದಲ್ಲಿ ನಾಲ್ಕು ಸಲ ಶಿರಸಿಗೆ ಓಡಾಡಿದರು. ಪತ್ರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವನ್ನು, ಅನುವಾದಕರ ಸಹಿ ಸಮೇತ, ಈಗಲೇ ಮಾಡಿಸಿಡಿ.