ಬಗೆಬಗೆ ಕೋಳಿ ಇರಲಿ, ಕಾವಿಗೊಂದು ನಾಟಿ ಹ್ಯಾಟೆ ಇರಲಿ

ನನ್ನ ತಂಗಿ ಮಗಳು ಮೈಸೂರಿನ ಹೊರಗೆ, ಬೋಗಾದಿ ದಾಟಿದ ಮೇಲೆ ಮನೆ ಕಟ್ಟಿಸಿದ್ದಾಳೆ. ಮನೆ ಹಿಂದೆ ಸ್ವಲ್ಪ ಹಿತ್ತಲು ಉಳಿದಿದೆ. ಒಂದು ದಿನ ಫೋನ್ ಮಾಡಿ, "ದೊಡ್ಡಮ್ಮ, ಕೋಳಿ ಸಾಕೋಣ ಅಂತಿದ್ದೀನಿ. ಗಿರಿರಾಜ ಎರಡು, ಕಡಕ್‌ನಾಥ್ ಎರಡು, ಅಸೀಲ್ ಎರಡು, ಗಿನಿ ಕೋಳಿ ಎರಡು ತಂದುಬಿಡ್ಲಾ?" ಅಂದಳು. ಸೀರೆ ಆರಿಸಿದ ಹಾಗೆ ಕೋಳಿ ಆರಿಸ್ತೀಯಲ್ಲೇ ಅಂದು ನಕ್ಕೆ. ಮೊಬೈಲಿನಲ್ಲಿ ಯಾರದೋ ವಿಡಿಯೋ ನೋಡಿದ್ದಳಂತೆ.

ನಮ್ಮೂರು ಪಾಂಡವಪುರದ ಕಡೆ. ಸುತ್ತ ಕಬ್ಬು, ಭತ್ತ, ಪಕ್ಕದಲ್ಲೇ ನಾಲೆ. ಮದುವೆಯಾಗಿ ಬಂದಾಗಿನಿಂದ ಕೋಳಿ ಸಾಕುತ್ತಿದ್ದೇನೆ. ನಾನು ಅವಳಿಗೆ ಕೇಳಿದ್ದು ಒಂದೇ ಮಾತು. ನಿನಗೆ ಬೇಕಾದ್ದು ಮೊಟ್ಟೆಯೋ, ಸಾರೋ, ಇಲ್ಲಾ ಬಂದೋರಿಗೆ ತೋರಿಸೋಕೋ? ಮೂರೂ ಒಂದೇ ಕೋಳಿಯಲ್ಲಿ ಸಿಗುವುದಿಲ್ಲ. ತಳಿ ಆರಿಸುವಾಗ ಹೆಚ್ಚಿನವರು ಎಡವುವುದು ಇಲ್ಲೇ.

ಮನೆ ಮಂದಿಗೆ ಮೊಟ್ಟೆ ಬೇಕು ಅನ್ನುವವರಿಗೆ ನಾನು ಹೇಳುವುದು ಸ್ವರ್ಣಧಾರ ಇಲ್ಲವೇ ಗ್ರಾಮಪ್ರಿಯ. ಸ್ವರ್ಣಧಾರ ನಮ್ಮ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ತಳಿ. ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ ಸುಮಾರು 180 ಮೊಟ್ಟೆ ಇಡುತ್ತದೆ. ಗ್ರಾಮಪ್ರಿಯ ಹೈದರಾಬಾದಿನದು. ಅದೂ ಮೊಟ್ಟೆಗೆ ಒಳ್ಳೆಯದು, ಮೈ ಹಗುರ, ಓಡಾಡಿ ಮೇಯುತ್ತದೆ. ಮೊಟ್ಟೆಯೂ ಬೇಕು, ಮಾಂಸವೂ ಬೇಕು ಅಂದರೆ ಗಿರಿರಾಜ ಅಥವಾ ವನರಾಜ. ಗಿರಿರಾಜವೂ ಹೆಬ್ಬಾಳದ್ದೇ, 1989ರಲ್ಲಿ ಹೊರಗೆ ಬಂತು. ಅದು ಮೊದಲು ನಮ್ಮೂರಿಗೆ ಬಂದಾಗ ಜನ ಬೇಲಿ ಪಕ್ಕ ನಿಂತು ನೋಡುತ್ತಿದ್ದರು. ಎರಡೇ ತಿಂಗಳಿಗೆ ಕೇಜಿ ದಾಟುವ ಕೋಳಿಯನ್ನು ನಾವು ಕಂಡಿರಲಿಲ್ಲ. ನಮ್ಮತ್ತೆ ಮಾತ್ರ "ಇದೇನು ಕೋಳಿಯೋ, ಕುರಿಯೋ" ಅಂದಿದ್ದರು. ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಕೊಡುತ್ತದೆ. ನಾಟಿ ಹ್ಯಾಟೆ, ಅಂದರೆ ಹೆಣ್ಣು ಕೋಳಿ, ಇಡುವುದು 50ರಿಂದ 70, ಅದೂ ಮೂರು ನಾಲ್ಕು ಸರತಿಯಲ್ಲಿ.

ಲೆಕ್ಕ ನೋಡಿದರೆ ನಾಟಿ ಕೋಳಿ ದಂಡ ಅನ್ನಿಸುತ್ತದೆ ಅಲ್ವಾ? ಅಲ್ಲೇ ಇರುವುದು ವಿಷಯ. ಗಿರಿರಾಜ ಕಾವಿಗೆ ಕೂರುವುದಿಲ್ಲ. ಸ್ವರ್ಣಧಾರ ಕೂರುವುದಿಲ್ಲ. ಗ್ರಾಮಪ್ರಿಯ ಕೂರುವುದಿಲ್ಲ. ಜಾಸ್ತಿ ಮೊಟ್ಟೆ ಬರಲಿ ಅಂತ ಆರಿಸಿ ಆರಿಸಿ ಬೆಳೆಸುವಾಗ ಅವುಗಳಿಂದ ತಾಯಿಗುಣ ಬಿಟ್ಟುಹೋಗಿದೆ. ಅವು ಮೊಟ್ಟೆ ಇಟ್ಟು ಎದ್ದು ಹೋಗುತ್ತವೆ, ತಿರುಗಿಯೂ ನೋಡುವುದಿಲ್ಲ. ಆಗ ಪ್ರತಿ ಸಲ ಮರಿಗೆ ದುಡ್ಡು ಕೊಡಬೇಕು. ಅದಕ್ಕೇ ನಾನು ಹೇಳುವುದು, ಹಿತ್ತಲಲ್ಲಿ ಯಾವ ತಳಿಯಾದರೂ ಇರಲಿ, ಕಾವಿಗೆ ಕೂರುವ ನಾಟಿ ಹ್ಯಾಟೆ ಒಂದೆರಡು ಇರಲೇಬೇಕು. ಬೇರೆಯವು ಇಟ್ಟ ಮೊಟ್ಟೆಗೂ ಅವೇ ತಾಯಿ.

ಹ್ಯಾಟೆ ಕಾವಿಗೆ ಬಂದದ್ದು ಗೊತ್ತಾಗುವುದು ಸುಲಭ. ಕೊರಕೊರ ಅನ್ನುತ್ತಾ ಪುಕ್ಕ ಕೆದರಿಕೊಂಡು ಗೂಡಿನಲ್ಲೇ ಕೂತುಬಿಡುತ್ತದೆ. ಕೈ ಹಾಕಿದರೆ ಕುಕ್ಕುತ್ತದೆ. ಆ ದಿನವೇ ಮೊಟ್ಟೆ ಇಡಲು ಹೋಗಬೇಡಿ. ಎರಡು ದಿನ ಸುಮ್ನೆ ಒಂದೆರಡು ಹಳೇ ಮೊಟ್ಟೆ ಇಟ್ಟು ನೋಡಿ. ಗಟ್ಟಿಯಾಗಿ ಕೂತರೆ ಮಂಕರಿಯಲ್ಲಿ ಮರಳು, ಅದರ ಮೇಲೆ ಒಣಹುಲ್ಲು ಹಾಕಿ, ಬೂದಿ ಮತ್ತು ಒಣಗಿದ ಬೇವಿನ ಎಲೆ ಉದುರಿಸಿ. ಹೇನು ಹತ್ತಿದರೆ ಎಂಥ ತಾಯಿಯಾದರೂ ಅರ್ಧಕ್ಕೇ ಎದ್ದುಬಿಡುತ್ತಾಳೆ. ಕತ್ತಲಾದ ಮೇಲೆ ಕಾವಿನ ಮೊಟ್ಟೆ ಅದರಲ್ಲಿಟ್ಟು, ಹ್ಯಾಟೆಯನ್ನು ಎತ್ತಿ ಮೊಟ್ಟೆ ಮೇಲೆ ಕೂರಿಸಿ. ಹಗಲಲ್ಲಿ ಜಾಗ ಬದಲಿಸಿದರೆ ಹಳೇ ಜಾಗಕ್ಕೇ ಓಡುತ್ತದೆ.

ಕಾವಿಗಿಡುವ ಮೊಟ್ಟೆ ಒಂದು ವಾರಕ್ಕಿಂತ ಹಳೆಯದಾಗಿರಬಾರದು. ಫ್ರಿಜ್ಜಿನಲ್ಲಿಟ್ಟದ್ದು ಬೇಡ, ತೊಳೆದದ್ದೂ ಬೇಡ. ನಾವು ರಾಗಿ ಡಬ್ಬದಲ್ಲಿ ಚೂಪು ತುದಿ ಕೆಳಗೆ ಮಾಡಿ ಹುದುಗಿಸಿಡುತ್ತೇವೆ, ತಂಪಾಗಿರುತ್ತದೆ. ನಾಟಿ ಮೊಟ್ಟೆಯಾದರೆ 10ರಿಂದ 12. ಗಿರಿರಾಜದ ಮೊಟ್ಟೆ ದಪ್ಪ, 8ಕ್ಕೆ ನಿಲ್ಲಿಸಿ. ಹೊಟ್ಟೆ ಕೆಳಗೆ ಹಿಡಿಯದ ಮೊಟ್ಟೆ ತಣ್ಣಗಾಗುತ್ತದೆ. ಮಾರನೇ ದಿನ ಅದು ಒಳಗೆ ಹೋಗಿ ಇನ್ನೊಂದು ಹೊರಗೆ ಬರುತ್ತದೆ. ಹೀಗೆ ಒಂದೊಂದಾಗಿ ಎಲ್ಲ ಕೆಡುತ್ತವೆ. ಎಲ್ಲವನ್ನೂ ಒಂದೇ ದಿನ ಇಡಿ, 21 ದಿನಕ್ಕೆ ಒಟ್ಟಿಗೆ ಒಡೆಯುತ್ತವೆ. ಏಳನೇ ರಾತ್ರಿ ಟಾರ್ಚ್ ಹಿಡಿದು ನೋಡಿ. ಒಳಗೆ ಜೇಡರ ಬಲೆಯಂತೆ ಕೆಂಪು ಎಳೆ ಕಂಡರೆ ಮರಿ ಇದೆ. ತಿಳಿಯಾಗಿದ್ದರೆ ತೆಗೆದುಬಿಡಿ. ಕೊನೇ ಮೂರು ದಿನ ಮಾತ್ರ ಮುಟ್ಟಲೇಬೇಡಿ. ನಮ್ಮತ್ತೆ ಗುಡುಗಿಗೆ ಮೊಟ್ಟೆ ಕೆಡುತ್ತದೆ ಅಂತ ಮಂಕರಿಯಲ್ಲಿ ಕಬ್ಬಿಣದ ಚೂರು, ಇದ್ದಲು ಇಡುತ್ತಿದ್ದರು. ನಾನೂ ಇಡುತ್ತೇನೆ. ಅದರಿಂದ ಏನಾಗುತ್ತದೋ ಬಿಡುತ್ತದೋ, ಇಡದಿದ್ದರೆ ನನಗೇ ನಿದ್ದೆ ಬರುವುದಿಲ್ಲ.

ಒಂದು ಮಾತು ನೆನಪಿಡಿ. ಗಿರಿರಾಜ, ಸ್ವರ್ಣಧಾರ, ವನರಾಜ ಇವೆಲ್ಲ ಬೇರೆ ಬೇರೆ ತಳಿ ಕೂಡಿಸಿ ಮಾಡಿದವು. ಅವುಗಳ ಮೊಟ್ಟೆ ಕಾವಿಗಿಟ್ಟರೆ ಮರಿ ಬರುತ್ತದೆ, ಆದರೆ ತಾಯಿಯಷ್ಟು ತೂಕ, ಅಷ್ಟು ಮೊಟ್ಟೆ ಬರುವುದಿಲ್ಲ. ಮನೆ ಖರ್ಚಿಗೆ ಅದೇನೂ ತೊಂದರೆಯಿಲ್ಲ. ಮಾರುವವರು ಮಾತ್ರ ಆಗಾಗ ಹೊಸ ಮರಿ ತರಬೇಕು. ಒಂದು ದಿನದ ಮರಿ ತಂದರೆ ತಾಯಿ ಬದಲು ಬಲ್ಬಿನ ಕಾವು ಬೇಕು. 30 ಮರಿಗೆ 60 ವ್ಯಾಟಿನ ಒಂದು ಬಲ್ಬು ಸಾಕು. ನನ್ನ ಮಗ ಒಂದ್ಸಲ ಎಲ್‌ಇಡಿ ಬಲ್ಬು ಹಾಕಿ ಮಲಗಿದ್ದ. ಬೆಳಕು ಜೋರಾಗಿತ್ತು, ಕಾವು ಮಾತ್ರ ಇಲ್ಲ. ಬೆಳಗ್ಗೆ ಎದ್ದು ನೋಡಿದರೆ ಒಂದರ ಮೇಲೊಂದು ಬಿದ್ದು ನಾಲ್ಕು ಸತ್ತಿದ್ದವು. ಹಳೇ ತಂತಿ ಬಲ್ಬೇ ಬೇಕು. ಮರಿಗಳು ಬಲ್ಬಿನ ಕೆಳಗೆ ಗುಂಪಾದರೆ ಚಳಿ, ಗೋಡೆಗೆ ಸರಿದರೆ ಸೆಕೆ, ಹರಡಿಕೊಂಡು ಮಲಗಿದರೆ ಸರಿಯಾಗಿದೆ.

ಇನ್ನು ಅವಳ ಪಟ್ಟಿಯಲ್ಲಿದ್ದ ಉಳಿದವು. ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೆಯದು. 2018ರಲ್ಲಿ ಅಲ್ಲಿನ ಕಡಕ್‌ನಾಥ್ ಮಾಂಸಕ್ಕೆ ಜಿಐ ಗುರುತು, ಅಂದರೆ ಆ ಊರಿನದೇ ಅನ್ನುವ ಸರ್ಕಾರಿ ಮುದ್ರೆ, ಸಿಕ್ಕಿತು. ಪುಕ್ಕ, ಚರ್ಮ, ಮಾಂಸ ಎಲ್ಲ ಕಪ್ಪು. ಮೊಟ್ಟೆ ಮಾತ್ರ ಕಪ್ಪಲ್ಲ, ತಿಳಿ ಕಂದು. ಕಪ್ಪು ಮೊಟ್ಟೆ ಅಂತ ಯಾರಾದರೂ ಮಾರಿದರೆ ಸುಮ್ಮನೆ ಮುಂದೆ ಹೋಗಿ. ಕೋಳಿ ಚಿಕ್ಕದು, ಬೆಳೆಯುವುದು ನಿಧಾನ, ಕಾವಿಗೂ ನೆಚ್ಚುವ ಹಾಗಿಲ್ಲ. ಅದು ಆ ರೋಗಕ್ಕೆ ಮದ್ದು, ಈ ರೋಗಕ್ಕೆ ಮದ್ದು ಅನ್ನುವುದನ್ನು ನಾನು ನಂಬುವುದಿಲ್ಲ. ಆಸೆಗೆ ಒಂದೆರಡು ಇರಲಿ. ಅಸೀಲ್ ಕಟ್ಟುಮಸ್ತಾದ ಕೋಳಿ. ಹೆಣ್ಣು ಒಳ್ಳೆ ತಾಯಿ, ಮರಿ ಹತ್ತಿರ ಬೆಕ್ಕು ಬಂದರೆ ಮುಖಕ್ಕೇ ಹಾರುತ್ತದೆ. ಹುಂಜ ಮಾತ್ರ ಇನ್ನೊಂದು ಹುಂಜವನ್ನು ಬಾಳಗೊಡುವುದಿಲ್ಲ. ಸಣ್ಣ ಹಿತ್ತಲಿಗೆ ಅದು ಬೇಡವೇ ಬೇಡ. ಗಿನಿ ಕೋಳಿ ಹಾವು ಕಂಡರೂ ಕಿರುಚುತ್ತದೆ, ಕೊರಿಯರ್ ಹುಡುಗ ಬಂದರೂ ಕಿರುಚುತ್ತದೆ. ತೋಟದ ಮನೆಗೆ ಅದು ನಾಯಿಗಿಂತ ವಾಸಿ. ಬಡಾವಣೆಯಲ್ಲಿ ಸಾಕಿದರೆ ಪಕ್ಕದ ಮನೆಯವರು ಮಾತು ಬಿಡುತ್ತಾರೆ. ಗಂಡು ಹೆಣ್ಣು ನೋಡಿ ಹೇಳುವುದು ಕಷ್ಟ, ಕೇಳಿ ಹೇಳಬಹುದು. ಎರಡು ಸದ್ದು ಜೋಡಿಸಿ ಕೂಗುವುದು ಹೆಣ್ಣು ಮಾತ್ರ. ಅವಳು ಹೇಳದ ಒಂದನ್ನು ನಾನೇ ಹೇಳಿದೆ, ಬೋಳು ಕತ್ತಿನ ನಾಟಿ ಕೋಳಿ. ನೋಡಲು ಚೆಂದ ಇಲ್ಲ ಅಂತ ಯಾರೂ ಮುಟ್ಟುವುದಿಲ್ಲ. ಪುಕ್ಕ ಕಡಿಮೆ ಇರುವುದರಿಂದ ಏಪ್ರಿಲ್ ಬಿಸಿಲಲ್ಲಿ ಬೇರೆ ಕೋಳಿ ಬಾಯಿ ಬಿಡುವಾಗ ಇದು ಕೆದಕುತ್ತಾ ಓಡಾಡುತ್ತಿರುತ್ತದೆ.

ಬಗೆಬಗೆ ಕೋಳಿ ಒಂದೇ ಗೂಡಿನಲ್ಲಿ ಇಟ್ಟರೆ ಜಗಳ ಇದ್ದದ್ದೇ. ಗಿರಿರಾಜ ಹುಂಜ ತುಂಬಾ ತೂಕ. ಸಣ್ಣ ನಾಟಿ ಹ್ಯಾಟೆ ಮೇಲೆ ಹತ್ತಿದರೆ ಬೆನ್ನಿನ ಪುಕ್ಕ ಕಿತ್ತು ಗಾಯವಾಗುತ್ತದೆ. ಹಾಗಾಗಿ ಹುಂಜ ಒಂದೇ ಇರಲಿ, ಅದು ನಾಟಿಯೇ ಇರಲಿ. ಎಂಟು ಹತ್ತು ಹ್ಯಾಟೆಗೆ ಒಂದು ಸಾಕು. ಮೇವು ಒಂದೇ ಕಡೆ ಸುರಿಯಬೇಡಿ. ದೊಡ್ಡವು ನುಂಗಿಬಿಡುತ್ತವೆ, ಚಿಕ್ಕವು ಬೇಲಿ ಕಾಯುತ್ತವೆ. ಎರಡು ಮೂರು ಕಡೆ ಹಾಕಿ. ಗಿರಿರಾಜ, ವನರಾಜ ಹ್ಯಾಟೆಗಳಿಗೆ ಕೈ ತುಂಬ ಹಾಕಿದರೆ ಕೊಬ್ಬಿ ಮೊಟ್ಟೆ ನಿಲ್ಲಿಸುತ್ತವೆ. ಹಗಲು ಮೇಯಲಿ, ಸಂಜೆ ಗೂಡಿಗೆ ಕರೆಯುವಾಗ ನುಚ್ಚು, ರಾಗಿ, ತೌಡು ಹಿಡಿಹಿಡಿ ಹಾಕಿ. ಮೊಟ್ಟೆ ಸಿಪ್ಪೆ ಒಣಗಿಸಿ ಪುಡಿ ಮಾಡಿ ಕೊಟ್ಟರೆ ಗಟ್ಟಿ ಸಿಪ್ಪೆಯಿಲ್ಲದ ತೊಗಲುಮೊಟ್ಟೆ ಬರುವುದು ಕಡಿಮೆಯಾಗುತ್ತದೆ. ಬೂಸಲು ಹಿಡಿದ ಕಡಲೆಕಾಯಿ ಹಿಂಡಿ, ಮುಗ್ಗಿದ ಜೋಳ ಬೇಡ, ವಿಷ. ಉಪ್ಪಿನಕಾಯಿ, ಉಪ್ಪು ಜಾಸ್ತಿಯಾದ ಸಾರು ಕೂಡ ಬೇಡ. ನಮ್ಮ ಕಡೆ ರೇಷ್ಮೆ ನೂಲು ತೆಗೆದ ಮೇಲೆ ಉಳಿಯುವ ಹುಳ ಸಿಗುತ್ತದೆ. ಕೋಳಿಗೆ ಅದು ಹಬ್ಬ, ಆದರೆ ಜಾಸ್ತಿ ಹಾಕಿದರೆ ಮೊಟ್ಟೆಯೇ ನಾತ ಹೊಡೆಯುತ್ತದೆ.

ಈಗ ನನಗಾದ ನಷ್ಟ ಹೇಳುತ್ತೇನೆ. ಒಂದು ಸಂತೆಯಲ್ಲಿ ಕೆಂಪು ಹ್ಯಾಟೆಯೊಂದು ಕಣ್ಣಿಗೆ ಬಿತ್ತು. ತಂದು ಆವತ್ತೇ ಸಂಜೆ ಎಲ್ಲದರ ಜೊತೆ ಬಿಟ್ಟೆ. ಒಂದು ವಾರ ಕಳೆಯುವಷ್ಟರಲ್ಲಿ ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರು, ಕತ್ತು ತಿರುಚಿಕೊಂಡು ಒಂದೊಂದೇ ಬಿದ್ದವು. ಕೊಕ್ಕರೆ ರೋಗ. ರಾಣಿಖೇತ್ ಅಂತಾರಲ್ಲ, ಅದೇ. ಇಪ್ಪತ್ತೆರಡರಲ್ಲಿ ಉಳಿದದ್ದು ಮೂರು. ಸಂತೆಯವನನ್ನು ಬೈದು ಏನು ಬಂತು, ತಪ್ಪು ನನ್ನದೇ. ಹೊಸ ಕೋಳಿ ಎಲ್ಲಿಂದ ತಂದರೂ ಮೂರು ವಾರ ದೂರ ಕಟ್ಟಿ, ಬೇರೆ ನೀರು, ಬೇರೆ ಮೇವು ಕೊಟ್ಟು ನೋಡಿ. ಆಮೇಲೆ ರಾತ್ರಿ ಹೊತ್ತು ಗೂಡಿಗೆ ಬಿಡಿ. ಬೆಳಗ್ಗೆ ಒಟ್ಟಿಗೆ ಎದ್ದರೆ ಕಚ್ಚಾಟ ಕಡಿಮೆ.

ಈ ರೋಗ ಬಂದ ಮೇಲೆ ಮದ್ದಿಲ್ಲ, ಬರುವ ಮುಂಚೆ ಲಸಿಕೆ ಇದೆ. ಮರಿಗೆ ಐದರಿಂದ ಏಳು ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ. 28ನೇ ದಿನದ ಹೊತ್ತಿಗೆ ಇನ್ನೊಮ್ಮೆ. ಎಂಟು ವಾರಕ್ಕೆ ಸೂಜಿ. ಆದರೆ ಲಸಿಕೆ ಬಾಟಲಿ ನೂರಾರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿ ಇರುವವರು ಒಬ್ಬರೇ ತರಲು ಹಿಂಜರಿಯುತ್ತಾರೆ. ನಮ್ಮ ಬೀದಿಯಲ್ಲಿ ಆರೇಳು ಮನೆಯವರು ಒಂದೇ ದಿನ ಗೊತ್ತು ಮಾಡಿಕೊಂಡು, ಪಶು ಆಸ್ಪತ್ರೆಯಲ್ಲಿ ಹೇಳಿ, ಐಸ್ ಹಾಕಿದ ಫ್ಲಾಸ್ಕಿನಲ್ಲಿ ತಂದು ಹಾಕಿಸುತ್ತೇವೆ. ಮರಿ ರಕ್ತ ಹಿಕ್ಕೆ ಹಾಕಿದರೆ ಅದು ಬೇರೆ ರೋಗ. ಗೂಡಿನಲ್ಲಿ ಹಾಸಿದ ಹೊಟ್ಟು ಒದ್ದೆಯಾದರೆ ಬರುವುದು. ಗೂಡಿನ ಭತ್ತದ ಹೊಟ್ಟು ತೆಗೆದು ಒಣಗಿದ್ದು ಹಾಕಿ, ಡಾಕ್ಟರಿಗೆ ತೋರಿಸಿ.

ಗೂಡಿನ ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ, ಬಿಸಿಲು ಒಳಗೆ ನುಗ್ಗುವುದಿಲ್ಲ. ಒಂದು ಕೋಳಿಗೆ ಎರಡು ಚದರಡಿ ಲೆಕ್ಕ ಹಾಕಿ. ಕೂರಲು ಅಡ್ಡಕ್ಕೆ ಬಿದಿರು ಕಟ್ಟಿ. ಗಿರಿರಾಜಕ್ಕೆ ತಗ್ಗಿನಲ್ಲಿ ಕಟ್ಟಿ, ಮೇಲಿಂದ ಹಾರಿದರೆ ಕಾಲು ನೋಯಿಸಿಕೊಳ್ಳುತ್ತವೆ. ನಮ್ಮಲ್ಲಿ ಕಬ್ಬು ಎದೆಯುದ್ದ ಬೆಳೆದರೆ ಕೀರನ ಕಾಟ ಶುರು. ಮುಂಗುಸಿ ಅನ್ನಿ. ಬಲೆ ನೆಲದ ಒಳಗೆ ಒಂದಡಿ ಹೂತಿರಬೇಕು, ಇಲ್ಲದಿದ್ದರೆ ತೋಡಿಕೊಂಡು ಬರುತ್ತದೆ. ಬಣ್ಣದಲ್ಲೂ ಒಂದು ಗುಟ್ಟಿದೆ. ಬಿಳಿ ಮರಿ ಹದ್ದಿನ ಕಣ್ಣಿಗೆ ಮೊದಲು ಬೀಳುತ್ತದೆ. ಮಣ್ಣುಬಣ್ಣದ್ದು, ಚುಕ್ಕಿಯದ್ದು ಕಸದಲ್ಲಿ ಕಾಣದ ಹಾಗೆ ಉಳಿಯುತ್ತದೆ.

ಮಗಳಿಗೆ ಕೊನೆಗೆ ನಾನು ಬರೆಸಿದ ಪಟ್ಟಿ ಇದು. ಸ್ವರ್ಣಧಾರ ನಾಲ್ಕು, ನಾಟಿ ಹ್ಯಾಟೆ ಎರಡು, ಅದರಲ್ಲೊಂದು ಬೋಳು ಕತ್ತಿನದು, ನಾಟಿ ಹುಂಜ ಒಂದು. ಅವಳ ಆಸೆಗೆ ಕಡಕ್‌ನಾಥ್ ಒಂದು. "ಹೊಸತೊಡಕಿಗೆ ನಮ್ಮ ಮನೆ ಹುಂಜವೇ ಆಗಬೇಕು ದೊಡ್ಡಮ್ಮ" ಅಂದಳು. ಹೊಸತೊಡಕು ಅಂದರೆ ಯುಗಾದಿ ಮಾರನೇ ದಿನದ ಬಾಡೂಟ. ಹಾಗಾದರೆ ಯುಗಾದಿಯಿಂದ ಹಿಂದಕ್ಕೆ ಎಣಿಸು ಅಂದೆ. ನಾಟಿ ಹುಂಜ ಸಾರಿಗೆ ಬರಲು ಐದಾರು ತಿಂಗಳು ಬೇಕು. ಕಾವಿಗೆ 21 ದಿನ. ಅಂದರೆ ದಸರಾ ಆಸುಪಾಸಿನಲ್ಲಿ ಹ್ಯಾಟೆ ಕೂತಿರಬೇಕು. ಮೊನ್ನೆ ಮತ್ತೆ ಫೋನ್ ಬಂತು. ಬೋಳು ಕತ್ತಿನದು ಬೆಳಗ್ಗೆಯಿಂದ ಹಳೇ ಹೂಕುಂಡದಲ್ಲಿ ಕೂತು ಕೊರಕೊರ ಅನ್ನುತ್ತಿದೆಯಂತೆ, ಕೈ ಹಾಕಿದರೆ ಕುಕ್ಕಿತಂತೆ. ರಾಗಿ ಡಬ್ಬದಲ್ಲಿ ಒಂಬತ್ತು ಮೊಟ್ಟೆ ಎತ್ತಿಟ್ಟಿದ್ದೇನೆ, ಭಾನುವಾರದ ಬಸ್ಸಿಗೆ ತರುತ್ತೇನೆ, ಅಲ್ಲಿವರೆಗೆ ಕುಂಡ ಅಲ್ಲಾಡಿಸಬೇಡ ಅಂದಿದ್ದೇನೆ.