ಹನ್ನೊಂದು ಗುರುವಾರ: ದುಡ್ಡು ಕೊಡದೆ ಸಿಬಿಟಿ ಪಡೆದ ನನ್ನ ಅನುಭವ

ಹೋದ ವಾರ ಖಿನ್ನತೆ ಅಳೆಯುವ ಪಿಎಚ್‌ಕ್ಯೂ ಹಾಳೆ ತುಂಬಿದಾಗ ಬಂದ ಅಂಕ 5. ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಒಂದೂವರೆ ವರ್ಷದ ಹಿಂದೆ ಅದೇ ಹಾಳೆಯಲ್ಲಿ 19 ಇತ್ತು, ಆತಂಕದ ಹಾಳೆಯಲ್ಲಿ 16. ಜಿಲ್ಲಾ ಆಸ್ಪತ್ರೆಯಲ್ಲಿ ಹನ್ನೊಂದು ಸಲ ಕೂತು, ಚೀಟಿಯ ಹತ್ತು ರೂಪಾಯಿ ಬಿಟ್ಟರೆ ಫೀಸೆಂದು ಒಂದು ರೂಪಾಯಿಯನ್ನೂ ಕೊಡದೆ ಇಳಿಸಿಕೊಂಡ ಅಂಕ ಇದು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಸಿಗಬಹುದು, ಯೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ ಸಿಬಿಟಿ ಎಲ್ಲಿ ಸಿಗುತ್ತದೆ ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಥಾಟ್ ರೆಕಾರ್ಡ್ ಎಂದರೆ ಬಂದ ಯೋಚನೆಯನ್ನು ಬರೆದು ಒರೆಗೆ ಹಚ್ಚುವ ಹಾಳೆ, ಅದರ ಹಿಂದಿನ ತತ್ವವೇನು ಎಂದು ಬಿಡಿಸಿ ಹೇಳುವುದಿಲ್ಲ. ಈ ದಾರಿಯಲ್ಲಿ ನಾಲ್ಕು ಹೆಜ್ಜೆ ಇಟ್ಟವರಿಗೆ ಅದೆಲ್ಲ ಗೊತ್ತಿರುತ್ತದೆ.

ನಾನು ಹಳ್ಳಿಯ ಹಾಲು ಉತ್ಪಾದಕರ ಸಂಘದ ಸೆಕ್ರೆಟರಿ. ಸುಮಾರು 140 ಸದಸ್ಯರು, ಬೆಳಗ್ಗೆ ಆರಕ್ಕೆ ಒಮ್ಮೆ, ಸಂಜೆ ಐದೂವರೆಗೆ ಒಮ್ಮೆ ಹಾಲು ಅಳೆಯುವ ಕೆಲಸ. ಒಂದು ಬೇಸಿಗೆಯಲ್ಲಿ ಎಂಟು ಕ್ಯಾನ್ ಹಾಲು ಒಡೆದು ವಾಪಸ್ಸು ಬಂತು. ಅಂದಿನಿಂದ ರಾತ್ರಿ ಮೂರಕ್ಕೆ ಎಚ್ಚರವಾಗುವುದು, ಎದೆ ಹೊಡೆದುಕೊಳ್ಳುವುದು, ಬರೆದ ಲೆಕ್ಕವನ್ನೇ ಏಳೆಂಟು ಸಲ ತಿರುವಿ ನೋಡುವುದು ಶುರುವಾಯಿತು. ಆರು ತಿಂಗಳಲ್ಲಿ ಊಟ ಸೇರದಂತಾಯಿತು. ಡೇರಿಯ ಬಾಗಿಲು ತೆರೆಯಲು ಬೀಗದ ಕೈ ಹಿಡಿದರೆ ಅಂಗೈ ಬೆವರುತ್ತಿತ್ತು.

ಮೊದಲು ಕಳೆದ ದುಡ್ಡಿನ ಲೆಕ್ಕ ಹೇಳುತ್ತೇನೆ. ಎದೆನೋವೆಂದು ಇಸಿಜಿ, ಎಕೋ, ರಕ್ತಪರೀಕ್ಷೆಗೆ ಒಂಬತ್ತು ಸಾವಿರ. ಎಲ್ಲ ಸರಿಯಾಗಿದೆ ಎಂದರು, ಅದರಿಂದ ಭಯ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಮನೆಯವರ ಸಮಾಧಾನಕ್ಕೆ ತಡೆ ಒಡೆಸಿದ್ದಕ್ಕೆ ಆರು ಸಾವಿರ. ಬೆಂಗಳೂರಿನಲ್ಲಿ ಒಬ್ಬ ಖಾಸಗಿ ಆಪ್ತಸಮಾಲೋಚಕರ ಬಳಿ ಐದು ಭೇಟಿ, ಒಂದಕ್ಕೆ ಸಾವಿರದ ಐನೂರು. ಬಸ್ಸು, ಊಟ, ಡೇರಿಯಲ್ಲಿ ನನ್ನ ಬದಲು ನಿಂತವನ ಕೂಲಿ ಸೇರಿ ಹನ್ನೆರಡು ಸಾವಿರ ದಾಟಿತು. ಅವರು ಕೆಟ್ಟವರಲ್ಲ. ಆದರೆ ಐದು ಸಲವೂ ನನ್ನ ಬಾಲ್ಯದ ಕತೆಯೇ ಆಯಿತು, ಮನೆಗೆ ಹೋಗಿ ಮಾಡು ಎಂದು ಒಂದು ಕೆಲಸವನ್ನೂ ಕೊಡಲಿಲ್ಲ. ಮೊಬೈಲ್ ಆ್ಯಪ್ ಒಂದಕ್ಕೆ ವರ್ಷದ ಚಂದಾ ಎರಡೂವರೆ ಸಾವಿರ ಕಟ್ಟಿದೆ. ಇಂಗ್ಲಿಷಿನಲ್ಲಿ ಓದುವುದರಲ್ಲೇ ಸುಸ್ತಾಗಿ ಎರಡನೇ ವಾರಕ್ಕೆ ಬಿಟ್ಟೆ. ಒಟ್ಟು ಮೂವತ್ತು ಸಾವಿರದ ಹತ್ತಿರ ಹೋಗಿತ್ತು.

ತಿರುವು ಸಿಕ್ಕಿದ್ದು 14416ರಿಂದ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ ಅದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಒಂದು ರಾತ್ರಿ ಮೂರೂಕಾಲಕ್ಕೆ ಹಟ್ಟಿಯಲ್ಲಿ ನಿಂತು ಕರೆ ಮಾಡಿದೆ. ಆ ಕಡೆಯ ಹೆಣ್ಣುಮಗಳು ಅರ್ಧ ಗಂಟೆ ಕೇಳಿಸಿಕೊಂಡು, ಕೊನೆಗೆ ಕೊಟ್ಟ ಒಂದು ಮಾಹಿತಿ ನನಗೆ ಸಾವಿರ ರೂಪಾಯಿಯ ಸಲಹೆಗಿಂತ ದೊಡ್ಡದಾಯಿತು: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಮನಶ್ಶಾಸ್ತ್ರಜ್ಞರೂ ಇರುತ್ತಾರೆ, ಅವರನ್ನೇ ಕೇಳಿ ಭೇಟಿಯಾಗಿ. ಇಡೀ ದೇಶಕ್ಕೆ 1996ರಲ್ಲಿ ಬಂದ ಈ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ ಎಂದು ಆಮೇಲೆ ತಿಳಿದು ಹೆಮ್ಮೆಯಾಯಿತು.

ಮನೆಯಲ್ಲಿ ಹೇಳಿದರೆ ಯಾರಿಗೂ ನಂಬಿಕೆ ಬರಲಿಲ್ಲ. "ಭಾವ, ದುಡ್ಡು ಕೊಟ್ಟ ಕಡೆಯೇ ಆಗಲಿಲ್ಲ, ಪುಕ್ಕಟೆ ಕೊಡುವ ಕಡೆ ಏನಾಗುತ್ತದೆ?" ಎಂದ ಭಾವಮೈದ. ಸಂಘದ ಅಧ್ಯಕ್ಷರು, "ಮಾತಿನಿಂದ ವಾಸಿಯಾಗುವುದಾದರೆ ನಾನೇ ದಿನಾ ಮಾತನಾಡಿಸುತ್ತೇನೆ, ಬಿಡಿ" ಎಂದರು.

ಮೊದಲ ಎರಡು ಪ್ರಯತ್ನ ಅವರ ಮಾತನ್ನೇ ನಿಜ ಮಾಡಿದವು. ಸೋಮವಾರ ಬೆಳಗ್ಗೆ ಜಿಲ್ಲಾ ಆಸ್ಪತ್ರೆಗೆ ಹೋದೆ; ನನ್ನ ಮುಂದೆ ಅರವತ್ತು ಜನ. ಎಂಟು ನಿಮಿಷದಲ್ಲಿ ಮಾತ್ರೆ ಬರೆಸಿಕೊಂಡು ಬಂದೆ. ಎರಡನೇ ಸಲ ಮಂಗಳವಾರ ಹೋದರೆ ಕೊಠಡಿಗೆ ಬೀಗ. ಮಂಗಳವಾರ ಮನೋಚೈತನ್ಯ ಶಿಬಿರಕ್ಕೆ ತಂಡ ತಾಲ್ಲೂಕು ಆಸ್ಪತ್ರೆಗಳಿಗೆ ಹೋಗುತ್ತದೆ, ಅಂದು ಅವರು ಹೋಗಿದ್ದದ್ದು ನನ್ನದೇ ತಾಲ್ಲೂಕಿಗೆ. 58 ಕಿಲೋಮೀಟರ್ ಹೋಗಿ, ಅಷ್ಟೇ ದೂರ ವಾಪಸ್ಸು ಬಂದೆ.

ಮೂರನೇ ಸಲ ಬೇರೆ ರೀತಿ ಹೋದೆ. ಒಂದೇ ಪುಟದಲ್ಲಿ ಬರೆದುಕೊಂಡೆ: ಯಾವಾಗ ಶುರುವಾಯಿತು, ಈಗ ಏನೇನು ಮಾಡಲಾಗುತ್ತಿಲ್ಲ, ಈವರೆಗೆ ಏನು ಮಾಡಿಸಿದ್ದೇನೆ, ವಾರಕ್ಕೆ ಎಷ್ಟು ಹೊತ್ತು ಮನೆಕೆಲಸ ಮಾಡಬಲ್ಲೆ. ಗುರುವಾರ ಮಧ್ಯಾಹ್ನ ಒಂದೂವರೆಗೆ, ಹೊರರೋಗಿಗಳ ಸಾಲು ಕರಗಿದ ಮೇಲೆ, ಮನಶ್ಶಾಸ್ತ್ರಜ್ಞೆಯವರ ಮುಂದೆ ಆ ಹಾಳೆ ಇಟ್ಟು, "ಮೇಡಂ, ನನಗೆ ಸಿಬಿಟಿ ಬೇಕು. ಹತ್ತು ವಾರ ತಪ್ಪದೆ ಬರುತ್ತೇನೆ, ಕೊಟ್ಟ ಕೆಲಸ ಮಾಡಿಕೊಂಡೇ ಬರುತ್ತೇನೆ" ಎಂದೆ. ಅವರು ಹಾಳೆಯನ್ನು ಎರಡು ಸಲ ಓದಿದರು. ಮುಂದಿನ ಗುರುವಾರ ಎರಡು ಗಂಟೆಗೆ ಎಂದರು. ನೀವೂ ಚಿಕಿತ್ಸೆಯ ಹೆಸರು ಹೇಳಿಯೇ ಕೇಳಿ, ದಿನ ಗಟ್ಟಿ ಮಾಡಿಕೊಳ್ಳಿ. ಅದಿಲ್ಲದಿದ್ದರೆ ಮಾತ್ರೆಯ ಸಾಲಿನಲ್ಲೇ ಉಳಿಯುತ್ತೀರಿ. ಸಂಜೆಯ ಹಾಲಿನ ಹೊತ್ತಿಗೂ ನನಗೆ ಆ ಸಮಯ ಹೊಂದಿತು. ಪ್ರತಿ ಗುರುವಾರ ಬಿಡುವು ಕೊಡಲು ಅಧ್ಯಕ್ಷರನ್ನು ಹೇಗೆ ಒಪ್ಪಿಸಿದೆ ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಒಂದು ಭೇಟಿ ಅರ್ಧ ಗಂಟೆ ಮೀರುತ್ತಿರಲಿಲ್ಲ. ಸಾಲುತ್ತಿತ್ತು, ಏಕೆಂದರೆ ವಾರದ ಕೆಲಸ ಮೊದಲೇ ಬರೆದಿರುತ್ತಿತ್ತು. ಅವರು ಕೊಟ್ಟ ಥಾಟ್ ರೆಕಾರ್ಡ್ ನಮೂನೆ ನನಗೆ ಕೂರಲಿಲ್ಲ. ಹಳೆಯ ಹಾಲಿನ ರಿಜಿಸ್ಟರ್ ತೆಗೆದುಕೊಂಡು, ಲೀಟರ್ ಇದ್ದ ಕಡೆ ಘಟನೆ, ಫ್ಯಾಟ್ ಇದ್ದ ಕಡೆ ಬಂದ ಯೋಚನೆ, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಇದ್ದ ಕಡೆ ನಂಬಿಕೆ ನೂರಕ್ಕೆ ಎಷ್ಟು ಎಂದು ಬರೆದೆ. ಮೇಡಂ ಅದನ್ನೇ ಮುಂದುವರಿಸಿ ಎಂದರು. ಇನ್ನೊಂದು ಮಾತು. ಬಿಸಿ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟರೆ ಒಳ್ಳೆಯ ಹಾಲೂ ನೀರು ಬೆರೆಸಿದಂತೆ ತೋರಿಸುತ್ತದೆ, ಡೇರಿಯವರಿಗೆಲ್ಲ ಗೊತ್ತು. ರಾತ್ರಿ ಮೂರರ ಯೋಚನೆಗೆ ಅಂಕ ಹಾಕುವುದನ್ನು ನಾನು ಹಾಗೆಯೇ ನಿಲ್ಲಿಸಿದೆ. ಬರೆದಿಟ್ಟು, ಬೆಳಗಿನ ಹಾಲಿನ ಗಾಡಿ ಹೋದ ಮೇಲೆ ಅಂಕ ಹಾಕುತ್ತಿದ್ದೆ. ಪಿಎಚ್‌ಕ್ಯೂ ಕೂಡ ಬುಧವಾರ ರಾತ್ರಿ ಎಂಟಕ್ಕೇ, ಬೇರೆ ಹೊತ್ತಿಗಿಲ್ಲ.

ಆರನೇ ವಾರದ ಪ್ರಯೋಗವೇ ಎಲ್ಲಕ್ಕಿಂತ ಮುಖ್ಯ. ಬಟವಾಡೆಯ ಪಟ್ಟಿಯನ್ನು ಒಂದೇ ಸಲ ನೋಡಿ ಕಳುಹಿಸಬೇಕು. ನನ್ನ ಅಂದಾಜು: ಇಪ್ಪತ್ತು ಜನ ಜಗಳಕ್ಕೆ ಬರುತ್ತಾರೆ, ನಂಬಿಕೆ ನೂರಕ್ಕೆ 90. ಕಳುಹಿಸಿ, ರಿಜಿಸ್ಟರನ್ನು ಬೀರುವಿನಲ್ಲಿಟ್ಟು ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಬಂದವರು ಮೂವರು. ಇಬ್ಬರದು ಅವರದೇ ಲೆಕ್ಕದ ತಪ್ಪು. ಮೂರನೆಯ ಅಜ್ಜಿಯದು ನನ್ನದೇ ತಪ್ಪು: ಕರೆಂಟ್ ಹೋಗಿದ್ದಾಗ ಕೈಯಲ್ಲಿ ಬರೆದ 3.8 ಫ್ಯಾಟ್, ಪಟ್ಟಿಯಲ್ಲಿ 3.3 ಆಗಿತ್ತು. ನನ್ನ ಕಾಲು ನಡುಗಿತು. ಅಜ್ಜಿ ಸೆರಗಿನಿಂದ ಕ್ಯಾನಿನ ಬಾಯಿ ಒರೆಸುತ್ತಲೇ, "ಹೋಗಲಿ ಬಿಡಪ್ಪ, ಮುಂದಿನ ಬಟವಾಡೆಗೆ ಸೇರಿಸು" ಎಂದರು. ತಪ್ಪೇ ಆಗದೆ ಎಲ್ಲ ಸರಿಹೋಗಿದ್ದರೆ ನಾನು ಏನನ್ನೂ ಕಲಿಯುತ್ತಿರಲಿಲ್ಲ. ಅಂದು ನಂಬಿಕೆ 90ರಿಂದ 40ಕ್ಕೆ ಇಳಿಯಿತು.

ನಡುವೆ ನಾನಾಗಿಯೇ ಕೆಲವು ಮಾಡಿ ನೋಡಿದೆ. ಕಾಫಿಯನ್ನು ಐದರಿಂದ ಎರಡಕ್ಕೆ ಇಳಿಸಿದ್ದು ಉಪಯೋಗಕ್ಕೆ ಬಂತು. ಉಸಿರು ಎಣಿಸುವುದು ನನಗೆ ಆಗಲಿಲ್ಲ, ಅದೂ ಲೆಕ್ಕ ತಿರುವುವ ಇನ್ನೊಂದು ಚಟವಾಯಿತು. ಮಧ್ಯಾಹ್ನ ನಾಲ್ಕರಿಂದ ಇಪ್ಪತ್ತು ನಿಮಿಷ ಚಿಂತೆಗೆಂದೇ ಮೀಸಲಿಟ್ಟು, ಕೆರೆ ಏರಿಯ ಮೇಲೆ ನಡೆಯುತ್ತ ಚಿಂತಿಸುವುದು ಚೆನ್ನಾಗಿ ಹಿಡಿಯಿತು. ಎದೆ ಹೊಡೆದುಕೊಳ್ಳುವಾಗ ನನಗೆ ನಾನೇ ಹೇಳಿಕೊಳ್ಳುವ ಒಂದು ವಾಕ್ಯವಿದೆ, ಅದನ್ನು ಕೊಡುವುದಿಲ್ಲ. ನಿಮ್ಮದನ್ನು ನೀವೇ ಕಟ್ಟಿಕೊಂಡರೆ ಮಾತ್ರ ಅದು ಕೆಲಸ ಮಾಡುತ್ತದೆ.

ಎರಡು ತಪ್ಪುಗಳನ್ನು ಮುಚ್ಚಿಡುವುದಿಲ್ಲ. ಸ್ವಲ್ಪ ಹಗುರವಾಯಿತೆಂದು ನಾಲ್ಕನೇ ವಾರ ಮಾತ್ರೆಯನ್ನು ನಾನೇ ನಿಲ್ಲಿಸಿದೆ. ಹತ್ತು ದಿನ ನರಕ. ವೈದ್ಯರು ಮತ್ತೆ ಕೊಟ್ಟು, ತಿಂಗಳುಗಳ ಮೇಲೆ ತಾವೇ ನಿಧಾನವಾಗಿ ಇಳಿಸಿದರು. ಇನ್ನೊಂದು, ಪಿಎಚ್‌ಕ್ಯೂದ ಒಂಬತ್ತನೇ ಪ್ರಶ್ನೆಗೆ ಮೊದಲ ಮೂರು ವಾರ ಸುಳ್ಳು ಬರೆದೆ. ಸಾಯುವುದೇ ಮೇಲು ಎನ್ನಿಸುತ್ತಿದ್ದರೂ ಸೊನ್ನೆ ಹಾಕಿದೆ. ನಿಜ ಬರೆದ ದಿನ ಮೇಡಂ ಗಾಬರಿಯಾಗಲಿಲ್ಲ, ಬಾಗಿಲು ಹಾಕಿ ಕೂತರು. ಹೆಂಡತಿಯನ್ನು ಒಳಗೆ ಕರೆದರು, ರಾತ್ರಿ ಹಾಗೆನ್ನಿಸಿದರೆ ಯಾರನ್ನು ಎಬ್ಬಿಸಬೇಕು, ಯಾವ ನಂಬರಿಗೆ ಕರೆ ಮಾಡಬೇಕು ಎಂದು ಮೂವರೂ ಕೂತು ಬರೆದೆವು. ಆ ಚೀಟಿ ಈಗಲೂ ಮೊಬೈಲ್ ಕವರಿನ ಹಿಂದಿದೆ. ಆ ಪ್ರಶ್ನೆಗೆ ದಯವಿಟ್ಟು ಸುಳ್ಳು ಬರೆಯಬೇಡಿ.

ಈ ಹನ್ನೊಂದು ಗುರುವಾರಕ್ಕೆ ಖರ್ಚಾದದ್ದು ಎಲ್ಲ ಸೇರಿ ಎರಡೂವರೆ ಸಾವಿರ: ನನ್ನ ಬಸ್ ಚಾರ್ಜು ಹೋಗಿಬರಲು 140ರಂತೆ, ಆಸ್ಪತ್ರೆ ಚೀಟಿಯ ಹತ್ತು ರೂಪಾಯಿ, ತಿಂಡಿ. ಹೆಂಡತಿಗೆ ಶಕ್ತಿ ಯೋಜನೆಯಲ್ಲಿ ಬಸ್ ಪುಕ್ಕಟೆ ಇತ್ತು. ಕಳೆದ ತಿಂಗಳು ಅಧ್ಯಕ್ಷರು ಡೇರಿಗೆ ಬಂದು, ಯಾರೂ ಇಲ್ಲದ್ದು ನೋಡಿಕೊಂಡು, ಆ ಮೇಡಂ ಗುರುವಾರ ಎಷ್ಟು ಹೊತ್ತಿನವರೆಗೆ ಇರುತ್ತಾರೆ ಎಂದು ಕೇಳಿದರು. ಅವರ ಸೊಸೆಗಂತೆ. ಒಂದು ಪುಟ ಹೇಗೆ ಬರೆಯಬೇಕೆಂದು ರಿಜಿಸ್ಟರಿನ ಹಾಳೆ ಹರಿದು ಗೆರೆ ಹಾಕಿ ಕೊಟ್ಟೆ.