ರಾಜಿ, ಕರಾರು, ಒಮ್ಮತ: ಪದದ ಬೇರು ಹುಡುಕುವುದು ಹೇಗೆ

ರಾಯಚೂರಿನ ನೋಂದಣಿ ಕಚೇರಿ ಎದುರು ಕೂತು ಪತ್ರ ಬರೆಯುವುದು ನನ್ನ ಕಸುಬು. ಜಗಳ ಮುಗಿಸಿ ಬಂದವರ ಬಾಯಲ್ಲಿ ಎರಡೇ ಮಾತು: ರಾಜಿ, ಕರಾರು. ಇವು ಎಲ್ಲಿಂದ ಬಂದವು ಅಂತ ಹುಡುಕುತ್ತಾ ನನಗೊಂದು ದಾರಿ ಸಿಕ್ಕಿದೆ.

ಮೊದಲು ಪದವನ್ನು ಒಡೆಯಿರಿ. ಒಗ್ಗಟ್ಟಿನೊಳಗೆ ಕಟ್ಟು ಇದೆ, ಒಮ್ಮತದೊಳಗೆ ಮತ. ಮುಂದಿರುವುದು ‘ಒಂದು’ ಎಂಬುದರ ಹಳೆಯ ರೂಪ, ‘ಒರ್’. ಆದರೆ ‘ಒ’ ಕಂಡಲ್ಲೆಲ್ಲ ಒಂದು ಅನ್ನಬೇಡಿ. ನಾನೂ ಹಾಗೆ ಎಡವಿದ್ದೆ. ಒಪ್ಪಂದದಲ್ಲಿರುವುದು ‘ಒಪ್ಪು’ ಎಂಬ ಕ್ರಿಯಾಪದ. ಹೊಂದು, ತಕ್ಕದಾಗು, ಚೆಂದ ಕಾಣು ಅಂತ ಅರ್ಥ. ‘ಒಪ್ಪ ಓರಣ’ದಲ್ಲಿ ಆ ಚೆಂದ ಇನ್ನೂ ಉಳಿದಿದೆ, ಅಲ್ವಾ? ಒಡಂಬಡಿಕೆಯಲ್ಲಿರುವುದು ‘ಒಡನೆ’, ಅಂದರೆ ಜೊತೆಗೆ. ತಮಿಳಿನ ಉಡನ್‌ಪಡಿಕ್ಕೈ ಪಕ್ಕ ಇಟ್ಟರೆ ತಾನೇ ಗೊತ್ತಾಗುತ್ತದೆ. ಇಂಥ ಜೋಡಿಗಳಿಗೆ 1894ರ ಕಿಟ್ಟೆಲ್ ನಿಘಂಟು ತೆರೆಯಿರಿ.

ಒಡೆಯಲು ಬಾರದ ಪದ ಸಿಕ್ಕರೆ? ಕೊನೆಯ ಉಕಾರ ತೆಗೆದು ಉರ್ದು ಬಲ್ಲವರ ಮುಂದೆ ಹೇಳಿ ನೋಡಿ. ಕರಾರು, ಕರಾರ್. ಕಬೂಲು, ಕಬೂಲ್. ನಮ್ಮೂರು 1948ರವರೆಗೆ ನಿಜಾಮರ ಕೈಯಲ್ಲಿತ್ತು, ಕಚೇರಿ ಭಾಷೆ ಉರ್ದು. ಹಾಗಾಗಿ ಇಲ್ಲಿ ಕೇಳಲು ಜನಕ್ಕೆ ಬರವಿಲ್ಲ. ಎರಡೂ ಅರಬ್ಬಿ ಮೂಲದವು. ಕರಾರ್ ಅಂದರೆ ನೆಲೆ ನಿಲ್ಲುವುದು, ಕಬೂಲ್ ಅಂದರೆ ಸ್ವೀಕರಿಸುವುದು. ರಾಜಿಯೂ ಅರಬ್ಬಿಯೇ, ಮನಸ್ಸು ತಣಿದವನು ಅಂತ ಅರ್ಥ. ಈ ಲೆಕ್ಕದಲ್ಲಿ ಇಬ್ಬರ ಮನಸ್ಸೂ ತಣಿಯದೆ ರಾಜಿ ಆಗಲೇ ಇಲ್ಲ! ನಾನು ಬರೆದ ಎಷ್ಟೋ ಪತ್ರಗಳು ಇಲ್ಲಿ ನಪಾಸು.

ಆಮೇಲೆ ಅರ್ಥ ಜಾರಿದೆಯಾ ನೋಡಿ. ಜಾಸ್ತಿ ಮಜಾ ಇರುವುದು ಇಲ್ಲೇ. ಒಮ್ಮೆ ಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟ ಸುದ್ದಿಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಪಕ್ಕದಲ್ಲಿದ್ದ ಚಾಚಾ ಕೇಳಿದರು: ‘ಯಾರ ಜೋಡಿ ರಾಜಿ ಆದ್ರಂತ್ರೀ?’ ಅವರ ಉರ್ದುವಿನಲ್ಲಿ ರಾಜೀನಾಮಾ ಅಂದರೆ ರಾಜಿ ಪತ್ರ. ಕೆಲಸ ಬಿಡುವುದಕ್ಕೆ ಇಸ್ತೀಫಾ. ಹಳೆಯ ಮುಂಬೈ ಪ್ರಾಂತ್ಯದ ಕಂದಾಯ ಕಾಗದಗಳಲ್ಲಿ ಜಮೀನು ಬಿಡುವವನು ರಾಜೀನಾಮೆ ಬರೆಯುತ್ತಿದ್ದ, ಹಿಡಿಯುವವನು ಕಬೂಲಾಯತಿ. ಹೊಲ ಬಿಡುವ ಮಾತೇ ಮುಂದೆ ಕುರ್ಚಿಗೂ ಹತ್ತಿತು ಅಂತ ನನ್ನ ಊಹೆ.

ಚಾಚಾಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ‘ಹಂಗಾದ್ರ ನಂದು ಏನಂತ ಬರೀತೀರಿ?’ ಅಂದರು. ಅವರದು ಅಣ್ಣನ ಜೊತೆ ಬದುವಿನ ಜಗಳ. ಸುಮ್ನೆ ಯಾಕೆ ಗೊಂದಲ ಅಂತ ತಲೆಬರಹದಲ್ಲಿ ‘ಒಪ್ಪಂದ ಪತ್ರ’ ಅಂತ ಬರೆದೆ.